ಸೈಬರ್ ಸುರಕ್ಷತೆ ಪಾಠದಲ್ಲಿ ಎಐ: ದೆಹಲಿ ಶಾಲೆಗಳಲ್ಲಿ ಏನು ಕಲಿಸುತ್ತಾರೆ, ಏನು ಬಿಟ್ಟುಹೋಗುತ್ತಿದೆ?

ನವದೆಹಲಿ: ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಡೀಪ್‌ಫೇಕ್ ವಿಡಿಯೊ 2023ರ ನವೆಂಬರ್‌ನಲ್ಲಿ ಹರಿದಾಡಿದಾಗ ಪ್ರಕರಣ ದಾಖಲಿಸಿಕೊಂಡಿದ್ದು ದೆಹಲಿ ಪೊಲೀಸರು. 2024ರ ಜನವರಿಯಲ್ಲಿ ಆಂಧ್ರಪ್ರದೇಶದಲ್ಲಿ ಆರೋಪಿಯ ಬಂಧನವಾಯಿತು. ಇಂಥ ವಿಡಿಯೊ ತಯಾರಿಸುವ ಆ್ಯಪ್‌ಗಳು ಈಗ ಮಕ್ಕಳ ಕೈಗೂ ಸಿಗುತ್ತವೆ. ಹಾಗಾದರೆ ದೆಹಲಿಯ ಪ್ರೌಢಶಾಲೆಗಳಲ್ಲಿ ಈ ವಿಷಯವನ್ನು ಯಾವ ಪೀರಿಯಡ್‌ನಲ್ಲಿ ಹೇಳಿಕೊಡಬೇಕು?

ದೆಹಲಿ, ನೋಯ್ಡಾ, ಗುರುಗ್ರಾಮಗಳ ಹೆಚ್ಚಿನ ಖಾಸಗಿ ಶಾಲೆಗಳು ಅನುಸರಿಸುವುದು ಸಿಬಿಎಸ್‌ಇ ಪಠ್ಯವನ್ನು. ಮಂಡಳಿ 2019-20ರಲ್ಲಿ 9ನೇ ತರಗತಿಗೆ ಕೃತಕ ಬುದ್ಧಿಮತ್ತೆಯನ್ನು ಐಚ್ಛಿಕ ವಿಷಯವಾಗಿ ತಂದಿತು. ಇದರ ಕೋಡ್ 417. ಲಿಖಿತ ಪರೀಕ್ಷೆಗೆ 50, ಪ್ರಾಯೋಗಿಕಕ್ಕೆ 50 ಅಂಕ. ಸೈಬರ್ ಸುರಕ್ಷತೆ ಮತ್ತು ಸೈಬರ್ ನೀತಿಯ ಅಧ್ಯಾಯಗಳು ಇರುವುದು ಬೇರೆಡೆ, ಅಂದರೆ ಕಂಪ್ಯೂಟರ್ ಅಪ್ಲಿಕೇಷನ್ಸ್ ಎಂಬ ವಿಷಯದಲ್ಲಿ. ಇದರ ಕೋಡ್ 165. ಇವೆರಡು ಮತ್ತು ಇನ್ಫರ್ಮೇಷನ್ ಟೆಕ್ನಾಲಜಿ ಸೇರಿ ಮೂರರಲ್ಲಿ ವಿದ್ಯಾರ್ಥಿ ಒಂದನ್ನು ಮಾತ್ರ ಆಯ್ದುಕೊಳ್ಳಬೇಕೆಂಬುದು ಮಂಡಳಿಯ ನಿಯಮ.

ತೊಡಕು ಇರುವುದು ಇಲ್ಲೇ. ಎಐ ಆಯ್ದುಕೊಂಡವರಿಗೆ ಡೇಟಾ, ಮಾಡೆಲ್, ಪಕ್ಷಪಾತದ ಪಾಠ ಸಿಗುತ್ತದೆ. ಸೈಬರ್ ಅಪರಾಧದ ವಿಷಯ ಅಲ್ಲಿ ಅಲ್ಪಸ್ವಲ್ಪ. ಇನ್ನೊಂದು ವಿಷಯ ತೆಗೆದುಕೊಂಡವರು ಫಿಶಿಂಗ್ ಎಂದರೇನು ಎಂದು ಬರೆಯಬಲ್ಲರು, ಆದರೆ ಅದನ್ನು ತಡೆಯುವ ಫಿಲ್ಟರ್ ಹೇಗೆ ಕೆಲಸ ಮಾಡುತ್ತದೆ ಎಂಬುದು ಅವರಿಗೆ ಗೊತ್ತಾಗದು.

ಎರಡನ್ನೂ ಬೆಸೆಯಲು ಹೊಸ ಪುಸ್ತಕವೇನೂ ಬೇಕಿಲ್ಲ. 10ನೇ ತರಗತಿಯ ಎಐ ಪಠ್ಯದಲ್ಲಿ ಮಾಡೆಲ್‌ನ ಮೌಲ್ಯಮಾಪನದ ಪಾಠವಿದೆ. ಒಂದು ಲೆಕ್ಕ ನೋಡಿ. 1,000 ಎಸ್ಸೆಮ್ಮೆಸ್‌ಗಳಲ್ಲಿ 20 ಮೋಸದವು ಎಂದುಕೊಳ್ಳಿ. ಎಲ್ಲವನ್ನೂ 'ಸರಿ ಇದೆ' ಎನ್ನುವ ಫಿಲ್ಟರ್ ಶೇ 98ರಷ್ಟು ನಿಖರ! ಆದರೆ ಅದು ಒಂದೇ ಒಂದು ಮೋಸವನ್ನೂ ಹಿಡಿದಿಲ್ಲ. ಇನ್ನೊಂದು ಫಿಲ್ಟರ್ 20ರಲ್ಲಿ 16 ಹಿಡಿಯಿತು, ಜೊತೆಗೆ 24 ಒಳ್ಳೆಯ ಸಂದೇಶಗಳನ್ನೂ ತಡೆಯಿತು. ಆಗ ರೀಕಾಲ್ ಶೇ 80, ಪ್ರಿಸಿಷನ್ ಶೇ 40. ತಡೆದ ಆ 24ರಲ್ಲಿ ಅಪ್ಪನ ಬ್ಯಾಂಕಿನ ಒಟಿಪಿಯೂ ಇದ್ದರೆ? ಎರಡರಲ್ಲಿ ಯಾವ ತಪ್ಪು ದುಬಾರಿ ಎಂಬ ಚರ್ಚೆ ಎಐ ಪಾಠವೂ ಹೌದು, ಸೈಬರ್ ಸುರಕ್ಷತೆ ಪಾಠವೂ ಹೌದು. ಮನೆಯವರ ಫೋನಿನಿಂದ ಹೆಸರು, ನಂಬರ್ ಅಳಿಸಿ ತಂದ ಸಂದೇಶಗಳಿದ್ದರೆ ಪ್ರಾಜೆಕ್ಟ್‌ಗೆ ಸಾಕು.

ಹಳೆಯ ಸಲಹೆಗಳನ್ನೂ ಬದಲಿಸಬೇಕಾಗಿದೆ. 'ಕಾಗುಣಿತ ತಪ್ಪಿದ್ದರೆ ಮೋಸದ ಸಂದೇಶ' ಎಂದು ಹೇಳಿಕೊಡುತ್ತಿದ್ದ ಕಾಲ ಮುಗಿಯಿತು. ಚಾಟ್‌ಬಾಟ್‌ಗಳು ಹಿಂದಿಯಲ್ಲೂ ಕನ್ನಡದಲ್ಲೂ ಸಲೀಸಾಗಿ ಬರೆಯುತ್ತವೆ. ಚಿಕ್ಕದೊಂದು ಆಡಿಯೊ ಸಿಕ್ಕರೂ ಧ್ವನಿಯ ನಕಲು ತಯಾರಾಗುತ್ತದೆ. ಮಗನದೇ ಧ್ವನಿಯಲ್ಲಿ ಹಣ ಕೇಳಿ ಕರೆ ಬಂದರೆ ಫೋನ್ ಇಟ್ಟು, ನಿಮ್ಮಲ್ಲಿರುವ ಅವನ ನಂಬರ್‌ಗೆ ನೀವೇ ಕರೆ ಮಾಡಿ.

ಡೀಪ್‌ಫೇಕ್ ಬಗ್ಗೆ ಹೇಳಿದರೆ ಮಕ್ಕಳಿಗೆ ನಾವೇ ದಾರಿ ತೋರಿಸಿದಂತಾಗುತ್ತದೆ ಎಂಬ ಅಳುಕು ಸಹಜ. ಆದರೆ ದಾರಿ ಅವರಿಗೆ ಮೊದಲೇ ಗೊತ್ತು. 2020ರ ಮೇನಲ್ಲಿ ದೆಹಲಿಯ ಶಾಲಾ ಹುಡುಗರ ಇನ್‌ಸ್ಟಾಗ್ರಾಂ ಗುಂಪಿನಲ್ಲಿ ಹುಡುಗಿಯರ ಫೋಟೊ ಹಂಚಿಕೊಂಡಿದ್ದು ಪೊಲೀಸ್ ತನಿಖೆಯವರೆಗೆ ಹೋಯಿತು. ಅದಕ್ಕೆ ಎಐ ಕೂಡ ಬೇಕಾಗಿರಲಿಲ್ಲ. ಮಕ್ಕಳಿಗೆ ಗೊತ್ತಿರದಿರುವುದು ಕಾನೂನು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಮತ್ತು 66ಇ ಸೆಕ್ಷನ್‌ಗಳಡಿ 3 ವರ್ಷದವರೆಗೆ ಜೈಲು ಶಿಕ್ಷೆಯಿದೆ. ರಶ್ಮಿಕಾ ಪ್ರಕರಣದಲ್ಲಿ ಬಳಸಿದ್ದೂ ಇವನ್ನೇ. ಆರೋಪಿಗೆ 18 ತುಂಬಿರದಿದ್ದರೆ ಪ್ರಕರಣ ಬಾಲ ನ್ಯಾಯ ಮಂಡಳಿ ಮುಂದೆ ಬರುತ್ತದೆ.

3ನೇ ತರಗತಿಯಿಂದಲೇ ಎಐ ಕಲಿಕೆಯನ್ನು 2026-27ರಲ್ಲಿ ಆರಂಭಿಸುವುದಾಗಿ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತ್ತು.

ಆನ್‌ಲೈನ್ ವಂಚನೆಯಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಫೋಟೊ ದುರ್ಬಳಕೆಯಾದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ನೀಡಬಹುದು. ಮಕ್ಕಳ ಸಹಾಯವಾಣಿ 1098.