ಒಂದು ಬಲೆ, ನೂರು ಕೈಗಳು

ಇಂದು ನಾವು ಪೇಟೆಯಿಂದ ತರುವ ಬಂಗುಡೆಯನ್ನು ಹಿಡಿದವರು ಯಾರೆಂದು ನಮಗೆ ತಿಳಿಯದು. ಅರ್ಧ ಶತಮಾನದ ಹಿಂದೆ ನಮ್ಮ ಕರಾವಳಿಯಲ್ಲಿ ಅದು ಗುಟ್ಟಾಗಿರಲಿಲ್ಲ. ಊರೆಲ್ಲ ನೋಡುತ್ತಿದ್ದಂತೆಯೇ ರಂಪಣಿ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರು.

ಮಳೆಗಾಲ ಕಳೆದು ಬಂಗುಡೆ, ಬೂತಾಯಿಗಳ ಹಿಂಡು ತೀರದ ಸಮೀಪ ಬಂದಾಗ, ದೋಣಿಯಿಂದ ಬಲೆ ಬಿಡುತ್ತಾ ಅದನ್ನು ಅರ್ಧಚಂದ್ರಾಕಾರವಾಗಿ ಸುತ್ತುವರಿಯುತ್ತಿದ್ದರು. ಎರಡು ತುದಿಗಳ ಹಗ್ಗ ಹಿಡಿದು ಹತ್ತಾರು ಜನ ದಡದಿಂದ ಎಳೆಯುತ್ತಿದ್ದರು. ಅಷ್ಟು ದೊಡ್ಡ ಬಲೆಯನ್ನು ಒಬ್ಬನೇ ನಿಭಾಯಿಸಲಾಗದು. ಅನೇಕ ಮನೆಗಳು ಸೇರಿದ ಕೂಟ ಅದನ್ನು ನಡೆಸುತ್ತಿತ್ತು. ಬಂದುದನ್ನು ಪಾಲು ಮಾಡಿಕೊಳ್ಳುತ್ತಿದ್ದರು. ಮುಖ್ಯವಾಗಿ, ಈ ಬಲೆ ಮೀನನ್ನು ಅಟ್ಟಿಸಿಕೊಂಡು ಹೋಗುತ್ತಿರಲಿಲ್ಲ. ಮೀನು ಬರುವವರೆಗೆ ಕಾಯುತ್ತಿತ್ತು. ದೂರದ ಕಡಲು ಅದರ ಕೈಗೆ ಎಟುಕುತ್ತಿರಲಿಲ್ಲ.

1970ರ ದಶಕದ ಮಧ್ಯಭಾಗದಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದಿತು. ಹಿಂಡು ದಡ ಸೇರುವ ಮುನ್ನವೇ ಅದನ್ನು ಕಡಲಿನಲ್ಲೇ ಸುತ್ತುವರಿಯುವ ಬಲೆಯಿದು. ಕೆಲವೇ ವರ್ಷಗಳಲ್ಲಿ ರಂಪಣಿ ಕೂಟಗಳು ಬಹುಮಟ್ಟಿಗೆ ಮುಚ್ಚಿಹೋದವು. ತೀರದಲ್ಲಿ ಕಲಹಗಳೂ ನಡೆದವು. ಹೊಸ ಬಲೆಯಿಂದ ಅನೇಕರಿಗೆ ದುಡಿಮೆ, ವರಮಾನ ದೊರೆತುದೂ ನಿಜ. ಬಂಗುಡೆ ಪ್ರಕೃತಿಸಹಜವಾಗಿಯೇ ಒಂದು ವರ್ಷ ಹೆಚ್ಚು, ಮತ್ತೊಂದು ವರ್ಷ ಕಡಿಮೆ ಬರುವ ಮೀನು ಎಂಬುದೂ ನಿಜ. ಆದರೆ ಬಲೆಯೊಂದಿಗೆ ಒಂದು ಅಧಿಕಾರವೂ ಕೈಬದಲಾಯಿಸಿತು. ಎಷ್ಟು ಹಿಡಿಯಬೇಕು, ಯಾರಿಗೆ ಎಷ್ಟು ಪಾಲು ಎಂಬ ತೀರ್ಮಾನ ದಡದ ಜನರಿಂದ ಬಂಡವಾಳ ಹೂಡಿದವರತ್ತ ಸರಿಯಿತು.

ಕೂಟದ ಕಟ್ಟಳೆಗಳು ಸಡಿಲವಾದಲ್ಲಿ ಕಾನೂನು ಕಾಲಿಡಬೇಕಾಯಿತು. ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆ 1986ರಲ್ಲಿ ಬಂದಿತು. ನೆರೆಯ ಕೇರಳದಲ್ಲಿ ಸಾಂಪ್ರದಾಯಿಕ ಮೀನುಗಾರರ ದೀರ್ಘ ಹೋರಾಟದ ಬಳಿಕ 1988ರಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಜಾರಿಯಾಯಿತು. ಇಡೀ ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಏಕರೂಪದ ರಜೆ 2015ರಲ್ಲಿ ನಿಗದಿಯಾಯಿತು. ಪ್ರಖರ ದೀಪ ಹಚ್ಚಿ ಮೀನು ಸೆಳೆಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. ಆದರೆ ಕಡಲಿನಲ್ಲಿ ಕಾವಲು ಕಾಯುವುದು ಸುಲಭವಲ್ಲ. ದಡದ ಜನರ ಸಮ್ಮತಿಯಿಲ್ಲದೆ ಯಾವ ನಿಯಮವೂ ನಿಲ್ಲದು.

ರಂಪಣಿಯ ಕಾಲ ಮರಳಿ ಬರಲಾರದು. ಅದರ ಕಿರಿಯ ತಂಗಿಯಂತಿರುವ ಕೈರಂಪಣಿ ಮಾತ್ರ ಅಲ್ಲಲ್ಲಿ ಉಳಿದಿದೆ. ಆದರೆ ಕೊಳ್ಳುವ ನಾವೂ ಆ ಹಗ್ಗದ ಒಂದು ತುದಿಯನ್ನು ಹಿಡಿದವರೇ ಅಲ್ಲವೇ? ಕೇರಳ 2015ರಲ್ಲಿ ಬೂತಾಯಿಗೆ 10, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಗಾತ್ರವನ್ನು ಗೊತ್ತುಪಡಿಸಿತು. ಅದಕ್ಕಿಂತ ಚಿಕ್ಕ ಮರಿಗಳನ್ನು ಕಂಡಾಗ, ಎಷ್ಟೇ ಅಗ್ಗವಾಗಿದ್ದರೂ, ಬೇಡವೆನ್ನೋಣ. ಮೀನು ಮಾರುವ ಅಕ್ಕನೊಡನೆ, ಇದು ಯಾವ ದೋಣಿಯದು ಎಂದು ಕೇಳೋಣ. ಕೊಳ್ಳುವವರು ಕೇಳತೊಡಗಿದರೆ ಹಿಡಿಯುವವರೂ ಯೋಚಿಸತೊಡಗುತ್ತಾರೆ.