ಧಾತ್ರಿಯ ವೇತನ

ಕೂಸನ್ನು ಸಾಕುವ ಹೆಂಗಸಿಗೆ ಧಾತ್ರಿ, ದಾದಿ, ಆಯಾ ಮುಂತಾಗಿ ನಮ್ಮಲ್ಲಿ ಹೆಸರುಗಳು ಹಲವುಂಟು. ಆಕೆಗೆ ಸಲ್ಲುವ ಹಣಕ್ಕೆ ಏನು ಹೆಸರೆಂಬುದೂ ಅಷ್ಟೇ ವಿಚಾರಾರ್ಹವಾದುದು. ಏಕೆಂದರೆ ನಮ್ಮ ಕಾಲದಲ್ಲಿ ಆಕೆಯ ಹಕ್ಕು ಆ ಹೆಸರಿಗೇ ಕಟ್ಟುಬಿದ್ದಿತು.

ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ದಾಸರನ್ನೂ ಕೂಲಿಯವರನ್ನೂ ಕುರಿತ ಅಧ್ಯಾಯವೊಂದಿದೆ. ಒತ್ತೆಯಾಳಿನಿಂದ ಹೆಣ, ಮಲಮೂತ್ರ, ಎಂಜಲುಗಳನ್ನು ಎತ್ತಿಸಿದವನು ತಾನು ಕೊಟ್ಟ ಹಣವನ್ನು ಕಳೆದುಕೊಳ್ಳುವನೆಂದೂ, ಒತ್ತೆಯಾಗಿ ಬಂದ ಧಾತ್ರಿಯ ಮಾನಕ್ಕೆ ಭಂಗ ತಂದರೆ ಅವಳಿಗೆ ಬಿಡುಗಡೆಯಾಗತಕ್ಕದ್ದೆಂದೂ ಅಲ್ಲಿ ವಿಧಿಸಿದೆ. ಕೂಲಿಯಾಳಿಗೆ ಮಾತಾದಷ್ಟು ವೇತನ. ಮಾತಾಗದಿದ್ದಲ್ಲಿ ಕೆಲಸಕ್ಕೂ ಕಾಲಕ್ಕೂ ತಕ್ಕ ವೇತನ. ಇದನ್ನು ದಯೆಯೆಂದು ಹೊಗಳಬೇಕಾದುದಿಲ್ಲ. ಆಳನ್ನು ಒತ್ತೆಯಿಡುವ ಪದ್ಧತಿಯನ್ನೇ ಆ ಗ್ರಂಥವು ಒಪ್ಪಿರುವುದು. ಆದರೂ ಕೆಲಸವಿದ್ದೆಡೆ ವೇತನವುಂಟೆಂಬ ತರ್ಕವು ಸ್ಪಷ್ಟವಾಗಿದೆ.

ಈ ತರ್ಕವು ಸ್ವತಂತ್ರ ಭಾರತದಲ್ಲಿ ತೊಡಕಿಗೆ ಸಿಕ್ಕಿತು. 1975ನೆಯ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಮೊದಲಾಯಿತು. ಕರ್ಣಾಟಕದಲ್ಲಿ ಅದು ಕಾಲಿಟ್ಟುದು ತಿರುಮಕೂಡಲು ನರಸೀಪುರದಲ್ಲಿ. ಅಂಗನವಾಡಿಯ ಕಾರ್ಯಕರ್ತೆಯನ್ನು ಊರಿನ ಸ್ವಯಂಸೇವಕಿಯೆಂದು ಎಣಿಸಿದುದರಿಂದ ಆಕೆಗೆ ಕೊಟ್ಟುದು ವೇತನವಲ್ಲ, ಗೌರವಧನ. ಶಬ್ದವೇನೋ ಸೊಗಸಾದುದೇ. ಆದರೆ ಮಕ್ಕಳಿಗೆ ಆಹಾರವಿಕ್ಕುವುದು, ಶಾಲೆಗೆ ಮುಂಚಿನ ಪಾಠ, ತೂಕ ನೋಡಿ ಬರೆದಿಡುವುದು, ಚುಚ್ಚುಮದ್ದಿಗೆ ಕೂಸುಗಳನ್ನು ಕೂಡಿಸುವುದು, ಬಸುರಿ ಬಾಣಂತಿಯರ ಮನೆಗೆ ಹೋಗಿ ತಿಳಿಯಹೇಳುವುದು, ಇಷ್ಟು ಹೊಣೆಯನ್ನು ಹೊತ್ತವಳ ಪಾಲಿಗೆ ಗೌರವವೇ ವೇತನವನ್ನು ಕಸಿದುಕೊಂಡಿತೆಂದು ನನ್ನ ಮತ.

ಕರ್ಣಾಟಕ ರಾಜ್ಯಕ್ಕೂ ಅಮೀರ್‌ಬೀ ಎಂಬವರಿಗೂ ನಡೆದ ವ್ಯಾಜ್ಯದಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಈ ಹುದ್ದೆಯು ಕಾಯಿದೆಯಿಂದ ಹುಟ್ಟಿದುದಲ್ಲ, ಇವರು ರಾಜ್ಯದ ಕಾರ್ಯವನ್ನು ನಡೆಸುವವರೂ ಅಲ್ಲ, ಆದುದರಿಂದ ಇದು ಸಿವಿಲ್ ಹುದ್ದೆಯೆನಿಸದೆಂದು ತೀರ್ಮಾನಿಸಿತು. ಅನಂತರ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಅಂಗನವಾಡಿಯ ಮೂಲಕ ತಾಯಂದಿರಿಗೂ ಮಕ್ಕಳಿಗೂ ಆಹಾರವೊದಗಿಸುವುದನ್ನು ಶಾಸನದ ಕರ್ತವ್ಯವನ್ನಾಗಿ ಮಾಡಿತು. ಗುಜರಾತಿನಿಂದ ಬಂದ ಮಣಿಬೆನ್ ಅವರ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯವು ಮುಖ್ಯವಾಗಿ ಈ ಕರ್ತವ್ಯವನ್ನೇ ಹಿಡಿದು, ಗೌರವಧನವೂ 1972ರ ಗ್ರ್ಯಾಚುಯಿಟಿ ಕಾಯಿದೆಯ ಅರ್ಥದಲ್ಲಿ ವೇತನವೇ ಎಂದು 2022ನೆಯ ಏಪ್ರಿಲ್ 25ರಂದು ತೀರ್ಪಿತ್ತಿತು. ಕಾರ್ಯಕರ್ತೆಯರೂ ಸಹಾಯಕಿಯರೂ ಉಪದಾನಕ್ಕೆ ಅರ್ಹರಾದರು. ಹಣದ ಹೆಸರು ಬದಲಾಗಲಿಲ್ಲ; ಹೊಣೆಯು ಶಾಸನವನ್ನೇರಿದ ಮೇಲೆ ಹೆಸರಿನ ಕಟ್ಟು ಸಡಿಲಿತು.

ಹಿಂದಿನ ತೀರ್ಪು ಮಾತ್ರ ರದ್ದಾಗಲಿಲ್ಲ. ಅದು ಆಡಳಿತ ನ್ಯಾಯಮಂಡಳಿಯ ಅಧಿಕಾರವನ್ನು ಕುರಿತುದೆಂದು ಬದಿಗಿರಿಸಲ್ಪಟ್ಟಿತು. ಸರಕಾರಿ ನೌಕರಳೆಂಬ ಸ್ಥಾನವು ಹೊಸ ತೀರ್ಪಿನಿಂದ ಆಕೆಗೆ ದೊರೆಯಲಿಲ್ಲ.