ಬೊಂಬಾಯಿಗೆ ಬಂದ 72 ಕಾರುಗಳು

1968ರ ಡಿಸೆಂಬರ್ ತಿಂಗಳ ಮೊದಲ ದಿನಗಳು. ದೆಹಲಿಯಿಂದ ಬೊಂಬಾಯಿಗೆ ಬರುವ ಹೆದ್ದಾರಿಯ ಇಕ್ಕೆಲಗಳಲ್ಲೂ ಜನ ಕಿಕ್ಕಿರಿದಿದ್ದರು. ಧೂಳು ಮೆತ್ತಿಕೊಂಡ ವಿದೇಶಿ ಕಾರುಗಳು ಒಂದರ ಹಿಂದೊಂದು ಅವರ ನಡುವೆ ದಾರಿ ಮಾಡಿಕೊಂಡು ನುಗ್ಗುತ್ತಿದ್ದವು. ನವೆಂಬರ್ 24ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಿಂದ 98 ಕಾರುಗಳು ಹೊರಟಿದ್ದವು. ಇಸ್ತಾಂಬುಲ್, ತೆಹರಾನ್, ಕಾಬೂಲ್, ದೆಹಲಿ ದಾಟಿ 72 ಕಾರುಗಳು ಬೊಂಬಾಯಿ ಮುಟ್ಟಿದವು. ಇಲ್ಲಿಂದ ಅವನ್ನು ‘ಚುಸಾನ್’ ಎಂಬ ಹಡಗಿಗೇರಿಸಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿಗೆ ಒಯ್ಯಬೇಕಿತ್ತು. ಮುಂದೆ ಸಿಡ್ನಿವರೆಗೆ ಮತ್ತೆ ಓಟ. ಒಟ್ಟು ಹಾದಿ ಸುಮಾರು 16,000 ಕಿಲೋಮೀಟರ್. ಗೆದ್ದವರಿಗೆ 10,000 ಪೌಂಡ್ ಬಹುಮಾನ.

ರಸ್ತೆ ಬದಿಯಲ್ಲಿ ನಿಂತವರಿಗೆ ಈ ಕಾರುಗಳು ಬೇರೆ ಲೋಕದವು ಅನ್ನಿಸಿದರೆ ಅದಕ್ಕೆ ಕಾರಣವಿತ್ತು. ಹಾಗೆ ನೋಡಿದರೆ ಬೊಂಬಾಯಿಗೆ ಕಾರು ಹೊಸದಲ್ಲ. 1928ರಲ್ಲೇ ಜನರಲ್ ಮೋಟಾರ್ಸ್ ಶಿವ್ಡಿಯಲ್ಲಿ ಕಾರು ಜೋಡಿಸುತ್ತಿತ್ತು. ಆಮೇಲೆ ಫೋರ್ಡ್ ಬಂತು. ಸ್ವಾತಂತ್ರ್ಯದ ನಂತರ ಬ್ರಿಟನ್ನಿನ ರೂಟ್ಸ್ ಗುಂಪು ಇಲ್ಲಿ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿಯನ್ನು ಹುಟ್ಟುಹಾಕಿತು. ಮುಂದೆ ಲ್ಯಾಂಬ್ರೆಟಾ ಸ್ಕೂಟರ್ ತಯಾರಿಸಿ ಹೆಸರಾದದ್ದು ಇದೇ ಕಂಪನಿ. ಆದರೆ ಐವತ್ತರ ದಶಕದಲ್ಲಿ ಸರ್ಕಾರ ಒಂದು ಗೆರೆ ಎಳೆಯಿತು: ಬಿಡಿಭಾಗ ತರಿಸಿ ಜೋಡಿಸಿದರಷ್ಟೇ ಸಾಲದು, ಇಲ್ಲೇ ತಯಾರಿಸಬೇಕು. ಅದಕ್ಕೊಪ್ಪದ ಅಮೆರಿಕನ್ ಕಂಪನಿಗಳು ಗಂಟುಮೂಟೆ ಕಟ್ಟಿದವು. ನಗರಕ್ಕೆ ಉಳಿದದ್ದು ಕುರ್ಲಾದ ಪ್ರೀಮಿಯರ್ ಕಾರ್ಖಾನೆಯ ಫಿಯಟ್: 1,089 ಸಿಸಿ ಎಂಜಿನ್, ಸುಮಾರು 40 ಅಶ್ವಶಕ್ತಿ. ಅದಕ್ಕೂ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಹೀಗಾಗಿ ಒಂದೇ ಹೆಸರಿನ ಕಾರು ಎರಡು ಬಗೆಯಲ್ಲಿ ಇರಬಹುದು, ಒಂದು ಕಂಪನಿಯ ಪಂದ್ಯಕ್ಕೆ, ಇನ್ನೊಂದು ಗಿರಾಕಿಗೆ ಎಂಬ ಮಾತೇ ಬೊಂಬಾಯಿಯ ಗಿರಾಕಿಗೆ ದೂರದ್ದು.

ಲಂಡನ್ನಿನಿಂದ ಬಂದ ಗುಂಪಿನಲ್ಲಿ ಆ ಎರಡೂ ಬಗೆ ಬೆರೆತಿದ್ದವು. ಕಂಪನಿಯೇ ತಯಾರಿ ಮಾಡಿ, ಸಂಬಳದ ಚಾಲಕರನ್ನು ಕೂರಿಸಿ ಕಳಿಸಿದವನ್ನು ‘ವರ್ಕ್ಸ್’ ಕಾರು ಎನ್ನುತ್ತಾರೆ. ಫೋರ್ಡಿನ ಬ್ರಿಟನ್, ಜರ್ಮನಿ, ಆಸ್ಟ್ರೇಲಿಯಾ ಶಾಖೆಗಳೆಲ್ಲ ಇಂಥ ಕಾರುಗಳನ್ನು ಇಳಿಸಿದ್ದವು. ಜೊತೆಗೆ ಸ್ವಂತ ದುಡ್ಡು, ಸಾಲ, ಸಣ್ಣಪುಟ್ಟ ಪ್ರಾಯೋಜಕರನ್ನು ನಂಬಿ ಹೊರಟ ಖಾಸಗಿಯವರೂ ಇದ್ದರು.

ಇಂಥ ಓಟಕ್ಕೆ ಕಾರನ್ನು ಸಜ್ಜುಗೊಳಿಸುವುದೆಂದರೆ ಬರೀ ವೇಗ ಹೆಚ್ಚಿಸುವುದಲ್ಲ. ಮೈಯ ತಗಡು ಕೂಡುವ ಕಡೆಗಳಿಗೆ ಇನ್ನಷ್ಟು ವೆಲ್ಡಿಂಗ್, ಎಂಜಿನ್ನಿನ ಕೆಳಗೆ ಕಲ್ಲೇಟು ತಡೆಯಲು ದಪ್ಪ ಲೋಹದ ತಟ್ಟೆ, ಗಟ್ಟಿ ಸ್ಪ್ರಿಂಗು, ಹೆಚ್ಚಿನ ಪೆಟ್ರೋಲ್ ಟ್ಯಾಂಕು, ಸಾಲು ದೀಪ, ಆಸ್ಟ್ರೇಲಿಯಾದ ಕಾಂಗರೂ ಗುದ್ದಿದರೂ ರೇಡಿಯೇಟರ್ ಉಳಿಸುವ ಕಂಬಿ. ಒಬ್ಬ ಓಡಿಸುವಾಗ ಇನ್ನೊಬ್ಬ ಮಲಗಬೇಕು, ಅದಕ್ಕೆ ತಕ್ಕ ಸೀಟು. ಇಷ್ಟೆಲ್ಲ ಆದ ಮೇಲೆ ಹೊರಗಿನ ಆಕಾರ ಮಾತ್ರ ಶೋರೂಮಿನದು.

ಗೆದ್ದ ಕಾರಿನ ಹೆಸರನ್ನು ಕಂಪನಿ ಜಾಹೀರಾತಿನಲ್ಲಿ ಹಾಕುತ್ತದೆ, ಗಿರಾಕಿ ಅದನ್ನು ನಂಬಿ ಅಂಗಡಿಗೆ ಹೋಗುತ್ತಾನೆ. ಅವನ ಮನೆಗೆ ಬರುವುದು ಗೆದ್ದ ಕಾರೇ? ಈ ಪ್ರಶ್ನೆ ಮೋಟಾರು ಪಂದ್ಯದ ಆಡಳಿತಗಾರರಿಗೂ ಗೊತ್ತಿತ್ತು. ಅದಕ್ಕೇ ಸಲೂನ್ ಕಾರುಗಳ ಪಂದ್ಯಗಳಲ್ಲಿ ಒಂದು ನಿಯಮ ಬಂದಿತ್ತು: ಕಾರನ್ನು ಇಂತಿಷ್ಟು ಸಂಖ್ಯೆಯಲ್ಲಿ ತಯಾರಿಸಿದ್ದರೆ ಮಾತ್ರ ಪ್ರವೇಶ. ಲೋಟಸ್ ಕಾರ್ಟಿನಾ ಹುಟ್ಟಿದ್ದೇ ಹಾಗೆ. ಫೋರ್ಡ್ ಕಾರ್ಟಿನಾ ಮಧ್ಯಮವರ್ಗದ ಸಾಧಾರಣ ಕಾರು. ಅದಕ್ಕೆ ಲೋಟಸ್ ಕಂಪನಿಯ ಟ್ವಿನ್-ಕ್ಯಾಮ್ ಎಂಜಿನ್ ಕೂರಿಸಿ, 1,000 ಕಾರಿನ ಲೆಕ್ಕ ತುಂಬಿಸಲು 1963ರಿಂದ ಮಾರಾಟಕ್ಕಿಟ್ಟರು. ಗಿರಾಕಿಗಾಗಿ ಮಾಡಿದ ಕಾರು ಪಂದ್ಯಕ್ಕೆ ಹೋಗುವುದು ವಾಡಿಕೆ; ಇಲ್ಲಿ ಪಂದ್ಯಕ್ಕಾಗಿ ಗಿರಾಕಿಯನ್ನು ಹುಡುಕಿದರು.

ಬೊಂಬಾಯಿ ತಲುಪಿದಾಗ ಮುಂದಿದ್ದದ್ದು ಅದೇ ಲೋಟಸ್ ಕಾರ್ಟಿನಾ. ಓಡಿಸಿದವರು ರೋಜರ್ ಕ್ಲಾರ್ಕ್ ಮತ್ತು ಓವ್ ಆಂಡರ್ಸನ್. ಕಾಬೂಲಿನಿಂದ ಸರೋಬಿಗೆ ಹೋಗುವ ಲತಾಬಂದ್ ಕಣಿವೆಯ ಹಳೆಯ ಮಣ್ಣು ದಾರಿಯಲ್ಲೂ ಅವರಿಗೆ ಸಾಟಿಯಿರಲಿಲ್ಲ. ಸಿಡ್ನಿಯೂ ಅವರದೇ ಎಂದು ಹಲವರು ತೀರ್ಮಾನಿಸಿಬಿಟ್ಟಿದ್ದರು.

ಆಸ್ಟ್ರೇಲಿಯಾದಲ್ಲಿ ಲೆಕ್ಕ ತಪ್ಪಿತು. ಮೊದಲು ಕೈಕೊಟ್ಟದ್ದು ಎಂಜಿನ್. ತಂಡದ ಇನ್ನೊಂದು ಲೋಟಸ್ ಕಾರ್ಟಿನಾದ ಸಿಲಿಂಡರ್ ಹೆಡ್ ಬಿಚ್ಚಿ ಇದಕ್ಕೆ ಹಾಕಿದರು. ಕೊಟ್ಟವರು ತಮ್ಮ ಓಟವನ್ನೇ ಬಲಿಗೊಟ್ಟರು. ಮುಂದೆ ಹಿಂಬದಿಯ ಆಕ್ಸಲ್ ಹೋಯಿತು. ಈ ಸಲ ಹತ್ತಿರದಲ್ಲಿ ತಂಡದ ಕಾರಿಲ್ಲ. ಆದರೆ ದಾರಿಯಲ್ಲಿ ಯಾರದೋ ಮಾಮೂಲಿ ಕಾರ್ಟಿನಾ ನಿಂತಿತ್ತು. ಮನಸ್ಸಿಲ್ಲದ ಮಾಲೀಕನನ್ನು ಕಾಡಿ ಬೇಡಿ ಒಪ್ಪಿಸಿ, ಅವನ ಕಾರಿನ ಆಕ್ಸಲನ್ನೇ ಕೊಂಡು ಬಿಚ್ಚಿ ಹಾಕಿಕೊಂಡರು. ಟ್ವಿನ್-ಕ್ಯಾಮ್ ತಲೆಗೆ ಬೇಕಾದದ್ದು ಇನ್ನೊಂದು ಪಂದ್ಯದ ಕಾರಿನಲ್ಲಿ ಮಾತ್ರ ಸಿಗುತ್ತಿತ್ತು. ಆಕ್ಸಲ್ ಮಾತ್ರ ಬೀದಿಯಲ್ಲೂ ಸಿಕ್ಕಿತು. ಕಳೆದ ಹೊತ್ತನ್ನು ಹಿಂದೆ ಪಡೆಯಲಾಗದೆ ಕ್ಲಾರ್ಕ್ ಜೋಡಿ ಹತ್ತನೆಯ ಸ್ಥಾನಕ್ಕೆ ಇಳಿಯಿತು.

ಅವರ ನಂತರ ಮುಂದೆ ಬಂದದ್ದು ಲೂಸಿಯನ್ ಬಿಯಾಂಕಿಯ ಸಿಟ್ರೊಯೆನ್. ಡಿಸೆಂಬರ್ 17ರಂದು, ಗೆಲುವು ಕೈಗೆ ಬಂದಂತಿದ್ದಾಗ, ನೌರಾ ಊರಿನ ಹತ್ತಿರ ಎದುರಿಂದ ಬಂದ ಮಿನಿ ಕಾರಿಗೆ ಅದು ಡಿಕ್ಕಿಯಾಯಿತು. ಹಿಂದೆಯೇ ಬಂದ ಪ್ಯಾಡಿ ಹಾಪ್‌ಕರ್ಕ್ ತಂಡ ಓಟ ಬಿಟ್ಟು ಗಾಯಾಳುಗಳ ನೆರವಿಗೆ ನಿಂತಿತು. ಆ ತಂಡಕ್ಕೆ ಎರಡನೆಯ ಸ್ಥಾನ.

ಗೆದ್ದದ್ದು ಆಂಡ್ರ್ಯೂ ಕೋವನ್, ಕಾಲಿನ್ ಮಾಲ್ಕಿನ್, ಬ್ರಯಾನ್ ಕಾಯ್ಲ್ ಅವರ ಹಿಲ್‌ಮನ್ ಹಂಟರ್. ಹಿಂದೊಮ್ಮೆ ಬೊಂಬಾಯಿಯಲ್ಲಿ ಕಂಪನಿ ಕಟ್ಟಿದ್ದ ರೂಟ್ಸ್‌ನವರದೇ ಕಾರು. 1,725 ಸಿಸಿ ಎಂಜಿನ್ನಿನ ಸಂಸಾರಸ್ಥರ ವಾಹನ. ಇದೂ ವರ್ಕ್ಸ್ ಕಾರೇ, ಶೋರೂಮಿನಿಂದ ಹಾಗೇ ತಂದದ್ದಲ್ಲ. ಆದರೆ ಅದನ್ನು ಸಜ್ಜುಗೊಳಿಸಿದವರ ಮೊದಲ ಚಿಂತೆ ಮುರಿಯದೆ ಸಿಡ್ನಿ ಮುಟ್ಟುವುದು. ಸೋವಿಯತ್ ಒಕ್ಕೂಟದಿಂದ ಬಂದ ನಾಲ್ಕು ಮಾಸ್ಕ್ವಿಚ್‌ಗಳೂ ಹಾಗೆಯೇ: ಮುಂದಿನ ಸಾಲಿಗೆ ಬರಲಿಲ್ಲ, ಆದರೆ ನಾಲ್ಕೂ ಗುರಿ ಸೇರಿದವು. ಬೊಂಬಾಯಿಯಲ್ಲಿ ಹಡಗೇರಿದ 72ರಲ್ಲಿ ಸಿಡ್ನಿ ಕಂಡದ್ದು 56.

ಗಿರಾಕಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಪಂದ್ಯದ ಕಾರಿನ ವೇಗ ಮನೆಗೆ ಬರುವುದಿಲ್ಲ, ಅದು ಕಂಪನಿಯ ಗ್ಯಾರೇಜಿನದು. ಮನೆಗೆ ಬರುವುದು ಎರಡೂ ಕಾರಿಗೆ ಸಮಾನವಾದ ಭಾಗ. ಅದು ಎಷ್ಟು ಗಟ್ಟಿ, ಎಲ್ಲೆಲ್ಲಿ ಸಿಗುತ್ತದೆ ಎಂಬುದೇ ಕೊಳ್ಳುವವನು ಕೇಳಬೇಕಾದ ಮಾತು. ಸ್ಪರ್ಧಿಗಳು ಹಾದುಹೋದ ಇರಾನಿನಲ್ಲಿ ಹಂಟರ್ ಕಾರನ್ನೇ 1967ರಿಂದ ‘ಪೈಕಾನ್’ ಹೆಸರಲ್ಲಿ ತಯಾರಿಸುತ್ತಿದ್ದರು. ಬ್ರಿಟನ್ ಅದನ್ನು ಮರೆತ ಮೇಲೂ 2005ರವರೆಗೆ ಅದು ಅಲ್ಲಿ ತಯಾರಾಗುತ್ತಲೇ ಇತ್ತು.

ಬೊಂಬಾಯಿಯ ಫಿಯಟ್ ಯಾವ ಖಂಡಾಂತರ ಓಟವನ್ನೂ ಗೆಲ್ಲಲಿಲ್ಲ. 1974ರಲ್ಲಿ ಅದಕ್ಕೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂತು. ಕಪ್ಪು-ಹಳದಿ ಟ್ಯಾಕ್ಸಿಯಾಗಿ ಅದು ನಗರದಲ್ಲಿ 2023ರ ಅಕ್ಟೋಬರ್‌ವರೆಗೆ ಓಡಿತು. ಆಯ್ಕೆಯಿಲ್ಲದ ಕಾಲದ ಕಾರು ಎಂದು ಬೈಸಿಕೊಂಡದ್ದೂ ಉಂಟು. ಆದರೆ ನಡುರಸ್ತೆಯಲ್ಲಿ ಕೆಟ್ಟು ನಿಂತರೆ ಟ್ಯಾಕ್ಸಿಯವನಿಗೆ ದಿಗಿಲಿರಲಿಲ್ಲ. ಅಕ್ಕಪಕ್ಕದಲ್ಲಿ ಹೋಗುವ ಟ್ಯಾಕ್ಸಿಗಳೆಲ್ಲ ಅದೇ ಕಾರು. ಆಸ್ಟ್ರೇಲಿಯಾದ ದಾರಿಯಲ್ಲಿ ಕ್ಲಾರ್ಕ್ ಕಾಡಿ ಬೇಡಿ ಪಡೆದದ್ದು ಅವನಿಗೆ ಮೂಲೆಯ ಗ್ಯಾರೇಜಿನಲ್ಲೇ ಇತ್ತು.